ಎರಡು ವರ್ಷ ಬಾಳುವ ನಾಯ್ಸ್ ರಾಕ್ ಬ್ಯಾಂಡ್: ಕಟ್ಟುವುದು, ನುಡಿಸುವುದು, ಮುಚ್ಚುವುದು

ನಮ್ಮದು ನಾಯ್ಸ್ ರಾಕ್, ಅಂದರೆ ಗದ್ದಲವನ್ನೇ ಹಾಡಿನ ಭಾಗ ಮಾಡಿಕೊಳ್ಳುವ ರಾಕ್ ಸಂಗೀತ. ಬ್ಯಾಂಡ್ ಇದ್ದದ್ದು 22 ತಿಂಗಳು. ಕೊಟ್ಟ ಶೋ 11, ರೆಕಾರ್ಡ್ ಮಾಡಿದ ಹಾಡು 7. ಬೆಳಗಾವಿಯ ವಡಗಾವಿಯಲ್ಲಿ ನಮ್ಮಪ್ಪನ ಪವರ್‌ಲೂಮ್ ಶೆಡ್ಡಿನಲ್ಲಿ ಶುರುವಾಯಿತು, ಅಲ್ಲೇ ಮುಗಿಯಿತು. ಈಗಲೂ ಹುಡುಗರು, ಹುಡುಗಿಯರು ಬಂದು ಕೇಳುತ್ತಾರೆ: "ಅಕ್ಕಾ, ನಾವೂ ಇಂಥಾ ಬ್ಯಾಂಡ್ ಕಟ್ಟಬೇಕು ಅಂತ ಅದೀವಿ, ಏನ್ ಮಾಡೂಣು?" ಒಬ್ಬೊಬ್ಬರಿಗೇ ಹೇಳುತ್ತಾ ಬಂದದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಇಂಥ ಬ್ಯಾಂಡ್ ಜಾಸ್ತಿ ದಿನ ಬಾಳುವುದಿಲ್ಲ. ಒಬ್ಬನಿಗೆ ಪುಣೆಯಲ್ಲಿ ಕೆಲಸ ಸಿಗುತ್ತದೆ, ಒಬ್ಬಳಿಗೆ ಮದುವೆಯಾಗುತ್ತದೆ, ಇನ್ನೊಬ್ಬನ ಮನೆಯಲ್ಲಿ ಅಂಗಡಿ ನೋಡಿಕೊಳ್ಳುವವರಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ. ಆದ್ದರಿಂದ ಬ್ಯಾಂಡಿಗೆ ಎರಡು ವರ್ಷ ಆಯುಷ್ಯ ಅಂತ ಮೊದಲ ದಿನವೇ ಅಂದುಕೊಳ್ಳಿ. ಹಾಗೆ ಅಂದುಕೊಂಡರೆ ಯಾವುದನ್ನು ಬೇಗ ಮಾಡಬೇಕು, ಯಾವುದಕ್ಕೆ ದುಡ್ಡು ಹಾಕಬಾರದು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ನಮಗೆ ಈ ಧೈರ್ಯ ಕೊಟ್ಟದ್ದು ಬಿಗ್ ಬ್ಲ್ಯಾಕ್ ಅನ್ನುವ ಅಮೆರಿಕದ ಬ್ಯಾಂಡ್. ಶಿಕಾಗೋ ಪಕ್ಕದ ಇವಾನ್‌ಸ್ಟನ್‌ನಲ್ಲಿ 1981ರಲ್ಲಿ ಸ್ಟೀವ್ ಆಲ್ಬಿನಿ ಒಬ್ಬರೇ ಶುರು ಮಾಡಿದ್ದು. ಡ್ರಮ್ಮರ್ ಇರಲಿಲ್ಲ, ರೋಲ್ಯಾಂಡ್ ಕಂಪನಿಯ ಡ್ರಮ್ ಮಷಿನ್ ಇಟ್ಟುಕೊಂಡರು. ಆ ಮಷಿನ್ನಿಗೂ 'ರೋಲ್ಯಾಂಡ್' ಅಂತಲೇ ಹೆಸರು ಹಾಕಿ ಬ್ಯಾಂಡಿನ ಒಬ್ಬ ಸದಸ್ಯನ ಹಾಗೆ ಪಟ್ಟಿಯಲ್ಲಿ ಸೇರಿಸಿದರು. ಗಿಟಾರಿಸ್ಟ್ ಸಾಂಟಿಯಾಗೋ ಡುರಾಂಗೋ ವಕೀಲಿ ಓದಲು ಹೋಗುವುದಾಗಿ ಹೇಳಿದಾಗ, 1987ರಲ್ಲಿ ಬ್ಯಾಂಡ್ ನಿಲ್ಲಿಸಿದರು. ಪೂರ್ಣ ಆಲ್ಬಮ್ ಬಂದದ್ದು ಎರಡೇ. ಕಡೆಯ ಶೋ ಸಿಯಾಟಲ್‌ನ ಒಂದು ಹಳೇ ಉಗಿ ವಿದ್ಯುತ್ ಸ್ಥಾವರದಲ್ಲಿ ನಡೆಯಿತು. ಅದನ್ನು ಓದಿದ ರಾತ್ರಿ ನಾನು ಎದ್ದು ಹೋಗಿ ನಮ್ಮ ಶೆಡ್ಡಿನ ಲೈಟ್ ಹಾಕಿ ನೋಡಿದೆ. ನಾಲ್ಕು ಮಗ್ಗಗಳಲ್ಲಿ ಎರಡನ್ನು ಅಪ್ಪ ಮಾರಿದ್ದರು. ಅವು ಇದ್ದ ಜಾಗ ಹಾಗೇ ಖಾಲಿ ಬಿದ್ದಿತ್ತು.

ಗದ್ದಲ ಇರುವ ಕಡೆ ಜಾಗ ಹಿಡಿಯಿರಿ

ಮಂದಿ ಪ್ರ್ಯಾಕ್ಟೀಸ್‌ಗೆ ಶಾಂತವಾದ ಜಾಗ ಹುಡುಕುತ್ತಾರೆ. ಗೋಡೆಗೆ ಫೋಮ್ ಹಚ್ಚಲು ದುಡ್ಡು ಸುರಿಯುತ್ತಾರೆ. ಆಮೇಲೆ ಮೂರನೇ ವಾರಕ್ಕೆ ಓಣಿಯವರು ಬಂದು ನಿಲ್ಲುತ್ತಾರೆ. ನೀವು ಅದರ ಉಲ್ಟಾ ಮಾಡಿ. ಮೊದಲೇ ಗದ್ದಲ ಇರುವ ಜಾಗ ನೋಡಿ. ಬೆಳಗಾವಿಯಲ್ಲಿ ಅದಕ್ಕೆ ಕೊರತೆ ಇಲ್ಲ. ಉದ್ಯಮಬಾಗದಲ್ಲಿ ಫೌಂಡ್ರಿ, ಲೇಥ್ ಶಾಪ್ ಸಾಲುಸಾಲಾಗಿ ಇವೆ. ವಡಗಾವಿ, ಶಹಾಪುರದಲ್ಲಿ ಮಗ್ಗಗಳಿವೆ. ಅಕ್ಕಪಕ್ಕದ ಮಗ್ಗಗಳು ನಡೆಯುತ್ತಿದ್ದಾಗ, ಸಂಜೆ 6ರಿಂದ 8:30ರವರೆಗೆ ನಾವು ನುಡಿಸುತ್ತಿದ್ದೆವು. 22 ತಿಂಗಳಲ್ಲಿ ತಕರಾರು ಹೇಳಲು ಒಬ್ಬರೂ ಬರಲಿಲ್ಲ. ಒಂದು ದಿನ ಮಾತ್ರ ಪಕ್ಕದ ಶೆಡ್ಡಿನ ಕಾಕಾ ಕೈಯಲ್ಲಿ ಪಾನಾ ಹಿಡಿದುಕೊಂಡು ಓಡಿ ಬಂದರು. "ಯಾವ ಮಗ್ಗ ಕೆಟ್ಟೈತವಾ?" ಅಂದರು. ಗಿಟಾರ್ ತೋರಿಸಿದೆ. ಒಂದು ಹಾಡು ಪೂರ್ತಿ ನಿಂತು ಕೇಳಿಕೊಂಡು ಹೋದರು.

ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಜೋರು ಶಬ್ದ ಬೇಡವೇ ಬೇಡ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಮನೆಗಳಿರುವ ಕಡೆ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ 45. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್‌ವರೆಗೆ ನಿಶ್ಶಬ್ದ ವಲಯ ಇರಬಹುದು. ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವುದಿದ್ದರೆ ಮೊದಲೇ ಲಿಖಿತ ಅನುಮತಿ ಬೇಕು. ಅರ್ಜಿಯನ್ನು ಒಂದು ವಾರ ಮುಂಚೆ ನೀವೇ ಹೋಗಿ ಕೊಡಿ. ಇನ್ನೊಬ್ಬರ ಕೈಯಲ್ಲಿ ಕಳಿಸಬೇಡಿ.

ಕರೆಂಟಿನ ಗುಂಯ್ ಶಬ್ದಕ್ಕೆ ಶ್ರುತಿ ಮಾಡಿ

ಇದು ನಮ್ಮ ಬ್ಯಾಂಡ್ ತಾನಾಗಿ ಕಂಡುಕೊಂಡ ವಿಷಯ. ನನಗೆ ಇದರ ಮೇಲೆ ಬಹಳ ಪ್ರೀತಿ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ನಡುಕವನ್ನು ಹಿಡಿಯುವ ಒಂದೇ ಸುರುಳಿಯ ಸಾಧನ) ಇರುವ ಗಿಟಾರನ್ನು ಮಗ್ಗದ ಮೋಟಾರಿನ ಹತ್ತಿರ ಹಿಡಿದರೆ ಆಂಪ್ಲಿಫೈಯರ್ ಗುಂಯ್ ಅನ್ನುತ್ತದೆ. ಎಲ್ಲರೂ ಇದನ್ನು ದೋಷ ಅಂತ ತೆಗೆದು ಹಾಕಲು ನೋಡುತ್ತಾರೆ. ನಾವೂ ಮೂರು ವಾರ ಒದ್ದಾಡಿದೆವು. ಕೇಬಲ್ ಬದಲಿಸಿದೆವು, ಜಾಗ ಬದಲಿಸಿದೆವು. ನಮ್ಮ ಬೇಸ್ ಬಾರಿಸುವವನು ಐಟಿಐ ಓದಿದವನು. ಒಂದು ದಿನ ಅವನೇ ಕೇಳಿದ: "ನಮ್ಮ ಕರೆಂಟ್ ಸೆಕೆಂಡಿಗೆ 50 ಸಲ ತಿರುಗತೈತಿ. ಹಂಗಾರ ಈ ಗುಂಯ್ ಅನ್ನೂದು ಯಾವ ಸ್ವರ?" ಲೆಕ್ಕ ಹಾಕಿದೆವು. ಬೇಸ್ ಗಿಟಾರಿನ ಎ ತಂತಿ 55 ಹರ್ಟ್ಸ್. ಅದರ ಕೆಳಗಿನ ಜಿ ಸ್ವರ 49. ನಮ್ಮ ಕರೆಂಟು ಜಿಗಿಂತ ಕೂದಲೆಳೆಯಷ್ಟು ಮೇಲೆ ಇದೆ. ಟ್ಯೂನರಿನಲ್ಲಿ ನೋಡಿದರೆ ಸುಮಾರು 35 ಸೆಂಟ್ (ಪಕ್ಕಪಕ್ಕದ ಎರಡು ಸ್ವರಗಳ ನಡುವೆ 100 ಸೆಂಟ್).

ಅವತ್ತೇ ಬೇಸಿನ ಎ ತಂತಿಯನ್ನು 50ಕ್ಕೆ ಇಳಿಸಿದೆವು. ನನ್ನ ಗಿಟಾರಿನ ಎ ತಂತಿಯನ್ನು 100ಕ್ಕೆ ಇಳಿಸಿ, ಡಿ ತಂತಿಯನ್ನು 150ಕ್ಕೆ, ಜಿ ತಂತಿಯನ್ನು 200ಕ್ಕೆ ಏರಿಸಿದೆ. ಎಲ್ಲವೂ ಐವತ್ತರ ಮಗ್ಗಿ. ಮೊದಲ ಸಲ ಮೂರೂ ತಂತಿ ಒಟ್ಟಿಗೆ ಮೀಟಿದಾಗ ಗುಂಯ್ ಶಬ್ದ ಬೇರೆಯಾಗಿ ಕೇಳಲೇ ಇಲ್ಲ. ತಂಬೂರಿಯ ಹಾಗೆ ಹಾಡಿನ ಅಡಿಯಲ್ಲಿ ಹೋಗಿ ಕುಳಿತಿತು. ಗ್ರಿಡ್ಡಿನ ಫ್ರೀಕ್ವೆನ್ಸಿ ಸಣ್ಣಗೆ ಏರಿಳಿಯುತ್ತಾ ಇರುತ್ತದೆ. ಆಗ ತಂತಿಗೂ ಗುಂಯ್‌ಗೂ ನಡುವೆ ವಾಂವ್ ವಾಂವ್ ಅಂತ ನಿಧಾನವಾದ ಒಂದು ಅಲೆ ಏಳುತ್ತದೆ. ಅದನ್ನು ನಾವು ಹುಟ್ಟಿಸಿದ್ದಲ್ಲ, ನಿಲ್ಲಿಸುವುದಕ್ಕೂ ಬರುವುದಿಲ್ಲ. ನಾಯ್ಸ್ ರಾಕ್ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಬೇರೆಯವರು ತಪ್ಪು ಅಂತ ತೆಗೆದುಹಾಕುವ ಶಬ್ದಕ್ಕೆ ಇಲ್ಲಿ ಜಾಗ ಕೊಟ್ಟು, ಅದರ ಸುತ್ತ ಹಾಡು ಕಟ್ಟುತ್ತೇವೆ.

ಆದರೆ ಒಂದು ಎಚ್ಚರಿಕೆ. ಗುಂಯ್ ಬೇಕು ಅಂತಲೋ ಬೇಡ ಅಂತಲೋ ಪ್ಲಗ್ಗಿನ ಅರ್ತ್ ಪಿನ್ ಮುರಿಯಬೇಡಿ. ಆಂಪಿಗೂ ಮೈಕಿಗೂ ಅರ್ತ್ ಸರಿ ಇಲ್ಲದಿದ್ದರೆ, ಗಿಟಾರ್ ಹಿಡಿದು ಹಾಡಲು ಹೋದಾಗ ತುಟಿಗೆ ಶಾಕ್ ಹೊಡೆಯುತ್ತದೆ. ನನಗೆ ಒಮ್ಮೆ ಹೊಡೆದಿದೆ. ಒಂದು ದಿನ ಪೂರ್ತಿ ದವಡೆ ಜುಮ್ ಅನ್ನುತ್ತಿತ್ತು. ಎಲೆಕ್ಟ್ರಿಷಿಯನ್ನನ್ನು ಕರೆಸಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಹಾಕಿಸಿ. ಆಂಪ್ ಕೊಳ್ಳುವ ಮೊದಲು ಆ ಖರ್ಚು ಮಾಡಿ. ಮಗ್ಗ ಇರುವ ಶೆಡ್ ಆದರೆ ಆಂಪುಗಳಿಗೆ ಬೇರೆ ಫೇಸ್‌ನಿಂದ ಲೈನ್ ಎಳೆಸಿ. ಮೋಟಾರ್ ಶುರುವಾಗುವಾಗ ವೋಲ್ಟೇಜ್ ಕುಸಿಯುತ್ತದೆ.

ಲಾಳಿ, ತಾಶಾ ಮತ್ತು ದನಿ

ಸಾಮಾನು ಜಾಸ್ತಿ ಬೇಡ. ನನ್ನ ಗಿಟಾರ್ ಸೆಕೆಂಡ್ ಹ್ಯಾಂಡ್, 6,500 ರೂಪಾಯಿ. ಒಂದು ಡಿಸ್ಟಾರ್ಷನ್ ಪೆಡಲ್, ಒಂದು ಟ್ರಾನ್ಸಿಸ್ಟರ್ ಆಂಪ್, ಅಷ್ಟೇ. ವಾಲ್ವ್ ಆಂಪಿಗೆ ಆಸೆ ಪಡಬೇಡಿ. ಎರಡು ವರ್ಷದ ಬ್ಯಾಂಡಿಗೆ ಅದರ ಸಾಲ ಮೂರು ವರ್ಷ ನಡೆಯುತ್ತದೆ.

ಕೂಗಾಡುವ ಫೀಡ್‌ಬ್ಯಾಕ್ ಅಂದರೆ ಸುಮ್ನೆ ಆಂಪಿನ ಮುಂದೆ ನಿಲ್ಲುವುದು ಅಂತ ತಿಳಿಯಬೇಡಿ, ಅದಕ್ಕೂ ಸಾಧನೆ ಬೇಕು. ಸ್ಪೀಕರಿನ ಶಬ್ದ ತಂತಿಯನ್ನು ನಡುಗಿಸುತ್ತದೆ, ಆ ನಡುಕವನ್ನು ಪಿಕಪ್ ಹಿಡಿಯುತ್ತದೆ, ಆಂಪ್ ಅದನ್ನು ಮತ್ತೆ ಸ್ಪೀಕರಿಗೆ ಕೊಡುತ್ತದೆ. ಹೀಗೆ ಸುತ್ತುತ್ತಾ ಇರುತ್ತದೆ. ನೀವು ನಿಂತ ಜಾಗ ಒಂದು ಗೇಣು ಬದಲಾದರೆ ಹೊರಡುವ ಸ್ವರವೂ ಬದಲಾಗಬಹುದು. ನಾನು ಶೆಡ್ಡಿನ ನೆಲದ ಮೇಲೆ ಸುಣ್ಣದಿಂದ ಐದು ಗುರುತು ಹಾಕಿದ್ದೆ. ಮೊದಲ ಗುರುತಿನಲ್ಲಿ ನಿಂತು ಗಿಟಾರಿನ ಕತ್ತನ್ನು ಬಾಗಿಲಿನ ಕಡೆ ತಿರುಗಿಸಿದರೆ ಕೆಳಗಿನ ಸ್ವರ, ಮೂರನೆಯದರಲ್ಲಿ ಮೇಲಿನದು. ಬೇರೆ ಜಾಗಕ್ಕೆ ಹೋದಾಗ ಗುರುತು ಮತ್ತೆ ಹೊಸದಾಗಿ ಹುಡುಕಬೇಕು. ಶೋ ಶುರುವಾಗುವ ಮುಂಚೆ ಅದಕ್ಕೆ ಹತ್ತು ನಿಮಿಷ ಇಟ್ಟುಕೊಳ್ಳಿ.

ಲಾಳಿಯ ಕಥೆ ಹೇಳಲೇಬೇಕು. ತಂತಿಗಳ ಕೆಳಗೆ ಡ್ರಮ್ ಕೋಲು ತೂರಿಸಿ ನುಡಿಸುವುದು ಹಳೇ ಪದ್ಧತಿ. ನನ್ನ ಹತ್ತಿರ ಕೋಲು ಇರಲಿಲ್ಲ. ಕಿಟಕಿಯಲ್ಲಿ ಅಪ್ಪನ ಸವೆದ ಲಾಳಿ ಇತ್ತು. ಮರದ್ದು, ಎರಡೂ ತುದಿಗೆ ಉಕ್ಕಿನ ಮೊನೆ, ಹೊಟ್ಟೆಯಲ್ಲಿ ಕಂಡಿಕೆ ಕೂಡಿಸುವ ಗೂಡು. ಆ ಗೂಡಿನಲ್ಲಿ ಕೆಂಪು ನೂಲಿನ ಒಂದು ಎಳೆ ಇನ್ನೂ ಅಂಟಿಕೊಂಡಿತ್ತು. ಅದರ ಮೊನೆಯನ್ನು ಹನ್ನೆರಡನೇ ಫ್ರೆಟ್ಟಿನ ಮೇಲೆ ತಂತಿಗಳ ಅಡಿ ಸೇರಿಸಿ, ಅದರ ಬೆನ್ನ ಮೇಲೆ ಕೈಯಿಂದ ತಟ್ಟಿದೆ. ಗಂಟೆಯ ಹಾಗೂ ಅಲ್ಲ, ತಗಡಿನ ಹಾಗೂ ಅಲ್ಲ, ಎರಡೂ ಬೆರೆತ ಶಬ್ದ ಬಂತು. ಅಪ್ಪ ಅಲ್ಲೇ ಕುಳಿತು ನೂಲಿನ ಗಂಟು ಹಾಕುತ್ತಿದ್ದರು. ಎದ್ದು ಬಂದು ಸ್ಪೀಕರ್ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು. ಇಟ್ಟ ಕೈ ತುಂಬಾ ಹೊತ್ತು ತೆಗೆಯಲಿಲ್ಲ. "ಬೀಮ್ ಸಡ್ಲ ಆದಾಗ ಮಗ್ಗ ಹಿಂಗ ನಡಗತೈತಿ, ಮಗಳ" ಅಂದರು.

ಡ್ರಮ್ಮರ್ ಹುಡುಕುವುದು ಬೆಳಗಾವಿಯಲ್ಲಿ ಸುಲಭ. ಗಣಪತಿ ಮೆರವಣಿಗೆಯಲ್ಲಿ ಢೋಲ್ ತಾಶಾ ಬಾರಿಸುವವರನ್ನು ನೋಡಿ. ಗಂಟೆಗಟ್ಟಲೆ ನಿಂತು ಬಾರಿಸುವ ಮಣಿಕಟ್ಟು ಅವರದ್ದು. ನಮ್ಮವನು ತಾಶಾದವನು. ಡ್ರಮ್ ಕಿಟ್ ಕಲಿಯಲು ಅವನಿಗೆ ನಾಲ್ಕು ತಿಂಗಳು ಸಾಕಾಯಿತು. ತಾಶಾವನ್ನೂ ಬಿಡಲಿಲ್ಲ, ಸ್ನೇರ್ ಡ್ರಮ್ಮಿನ ಪಕ್ಕದಲ್ಲೇ ಕಟ್ಟಿಕೊಂಡ. ಲಯ ಮಾತ್ರ ಗಟ್ಟಿ ಇರಬೇಕು. ಮೇಲಿನ ಗದ್ದಲ ಎಷ್ಟು ಜಾಸ್ತಿಯೋ ಕೆಳಗಿನ ತಾಳ ಅಷ್ಟು ಸರಳವಾಗಿರಲಿ. ಅಪ್ಪನ ಮಗ್ಗ ನಿಮಿಷಕ್ಕೆ ಸುಮಾರು 120 ಹೊಡೆತ ಹಾಕುತ್ತಿತ್ತು. ನಮ್ಮ ಮೊದಲ ಮೂರು ಹಾಡೂ ಅದೇ ಓಟದವು.

ಸಾಹಿತ್ಯ ನಿಮ್ಮ ಓಣಿಯ ಕನ್ನಡದಲ್ಲೇ ಇರಲಿ, ಚಿಕ್ಕದಿರಲಿ. ನಮ್ಮ ಒಂದು ಹಾಡಿನ ಮಾತು ಇಷ್ಟೇ: "ಎಳಿ ಹರದೈತಿ, ಮಗ್ಗ ನಿಂತೈತಿ." ಗಿಟಾರ್ ಇಷ್ಟು ಜೋರಿದ್ದಾಗ ಟ, ಡ, ಳ ಇರುವ ಮಾತು ಕಿವಿಗೆ ತಲುಪುತ್ತದೆ. ಮೆತ್ತಗಿನ ಮಾತು ಮುಳುಗಿ ಹೋಗುತ್ತದೆ. ಕೂಗುವುದು ಗಂಟಲಿನಿಂದ ಬೇಡ, ಹೊಟ್ಟೆಯಿಂದ.

ಕಿವಿ

ಇದನ್ನು ಓದದೆ ಮುಂದೆ ಹೋಗಬೇಡಿ. ನಮ್ಮಪ್ಪ ಮೂವತ್ತೆಂಟು ವರ್ಷ ಮಗ್ಗದ ಮುಂದೆ ನಿಂತವರು. ಈಗ ಅವರಿಗೆ ಹಿಂದಿನಿಂದ ಕರೆದರೆ ಕೇಳುವುದಿಲ್ಲ. ಎದುರಿಗೆ ಹೋಗಿ ತುಟಿ ಕಾಣುವ ಹಾಗೆ ಮಾತಾಡಬೇಕು. ಫೋನಿನಲ್ಲಿ ಮೊಮ್ಮಕ್ಕಳ ದನಿ ಬರೀ ಸೀಟಿಯ ಹಾಗೆ ಕೇಳುತ್ತದಂತೆ. ಮೊದಲ ಪ್ರ್ಯಾಕ್ಟೀಸಿನ ದಿನ ಅವ್ವ ಹತ್ತಿಯ ಉಂಡೆ ತಂದು ನಾಲ್ಕೂ ಜನರ ಕೈಗೆ ಕೊಟ್ಟಳು. ಹತ್ತಿಯಿಂದ ಅಷ್ಟೇನೂ ತಡೆಯುವುದಿಲ್ಲ. ಆದರೆ ಅವಳು ಕೊಟ್ಟಿದ್ದಕ್ಕೇ ನಾವು ಮೆಡಿಕಲ್ ಶಾಪಿಗೆ ಹೋಗಿ ಫೋಮ್ ಇಯರ್‌ಪ್ಲಗ್ ತಂದೆವು.

ಕೆಲಸದ ಜಾಗದ ಸುರಕ್ಷತೆ, ಆರೋಗ್ಯ ನೋಡುವ ಅಮೆರಿಕದ ನಿಯಾಶ್ ಸಂಸ್ಥೆ ಕೊಡುವ ಲೆಕ್ಕ ಹೀಗಿದೆ. 85 ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧ ಆಗುತ್ತದೆ. 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಬರೀ 15 ನಿಮಿಷ. ನಮ್ಮ ಶೆಡ್ಡಿನಲ್ಲಿ ಎಲ್ಲರೂ ನುಡಿಸುವಾಗ ಫೋನಿನ ಆ್ಯಪ್ 104 ತೋರಿಸುತ್ತಿತ್ತು. ಅಂದರೆ ಒಂದು ಹಾಡು ಮುಗಿಯುವುದರೊಳಗೆ ದಿನದ ಪಾಲು ಮುಗಿದು ಹೋಗುತ್ತಿತ್ತು. ಪ್ಲಗ್ಗನ್ನು ಎರಡು ಬೆರಳಲ್ಲಿ ಹೊಸೆದು ಸಣ್ಣಗೆ ಮಾಡಿ. ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು ಒಳಗೆ ಹಾಕಿ, ಅದು ಉಬ್ಬುವವರೆಗೆ ಬೆರಳಿಂದ ಹಿಡಿದುಕೊಳ್ಳಿ. 20 ನಿಮಿಷಕ್ಕೊಮ್ಮೆ ಶೆಡ್ಡಿನಿಂದ ಹೊರಗೆ ಬನ್ನಿ. ರಾತ್ರಿ ಮಲಗುವಾಗ ಕಿವಿಯಲ್ಲಿ ಗುಂಯ್ ಅನ್ನುತ್ತಿದ್ದರೆ ಮರುದಿನ ಪ್ರ್ಯಾಕ್ಟೀಸ್ ಬೇಡ. ಶೋಗೆ ಬಂದವರಿಗೂ ಬಾಗಿಲಲ್ಲೇ ಪ್ಲಗ್ ಕೊಡಿ. ನಾವು ಟಿಕೆಟ್ಟಿನ ದುಡ್ಡಿನಲ್ಲೇ ತಂದು ಕೊಡುತ್ತಿದ್ದೆವು.

ಶೋ

ಕಾಲೇಜಿನ ಗ್ಯಾದರಿಂಗ್, ಕೆಫೆ, ಗೆಳೆಯರ ಟೆರೇಸ್, ಖಾಲಿ ಗೋಡೌನ್, ಎಲ್ಲಿ ಕರೆದರೂ ಹೋಗಿ. 20 ನಿಮಿಷಕ್ಕಿಂತ ಜಾಸ್ತಿ ನುಡಿಸಬೇಡಿ. ನಮ್ಮ ಸಾಮಾನೆಲ್ಲ ಒಂದು ಟಂಟಂನಲ್ಲಿ ಹಿಡಿಯುತ್ತಿತ್ತು. ಅದಕ್ಕಿಂತ ಜಾಸ್ತಿಯಾದರೆ ಬಾಡಿಗೆಯೇ ಬ್ಯಾಂಡನ್ನು ತಿನ್ನುತ್ತದೆ.

ಬೆಳಗಾವಿಯಲ್ಲಿದ್ದರೆ ಒಂದು ಲಾಭ ಇದೆ. ಹುಬ್ಬಳ್ಳಿ, ಕೊಲ್ಹಾಪುರ, ಗೋವಾ ಮೂರೂ ಕೆಲವೇ ಗಂಟೆಯ ದಾರಿ. ಶನಿವಾರ ಮಧ್ಯಾಹ್ನ ಹೊರಟು ನುಡಿಸಿ, ಭಾನುವಾರ ಮನೆಗೆ ಬರಬಹುದು. ಮಳೆಗಾಲದಲ್ಲಿ ಚೋರ್ಲಾ ಘಾಟಿನಲ್ಲಿ ಹೋಗುವಾಗ ಆಂಪಿಗೆ ಎರಡು ಪದರ ತಾಡಪತ್ರಿ ಸುತ್ತಿ. ಊರು ಮುಟ್ಟಿದ ತಕ್ಷಣ ಸ್ವಿಚ್ ಹಾಕಬೇಡಿ, ಒಂದು ಗಂಟೆ ಒಣಗಲು ಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಊರಿನ ತೇವಕ್ಕೆ ತಂತಿಗೆ ತುಕ್ಕು ಹಿಡಿಯುತ್ತದೆ. ನುಡಿಸಿದ ಮೇಲೆ ಒಣ ಬಟ್ಟೆಯಿಂದ ಒರೆಸಿಡಿ.

ಸೌಂಡ್ ನೋಡಿಕೊಳ್ಳುವವರ ಹತ್ತಿರ ಮೊದಲೇ ಹೋಗಿ ಮಾತಾಡಿ. ನಮ್ಮ ಎರಡನೇ ಶೋದಲ್ಲಿ ನಾನು ಇದನ್ನು ಮಾಡಲಿಲ್ಲ. ಫೀಡ್‌ಬ್ಯಾಕ್ ಶುರುವಾದ ಕೂಡಲೇ ಆ ಅಣ್ಣ ಏನೋ ಸುಟ್ಟಿತು ಅಂತ ಗಾಬರಿಯಾಗಿ ಗಿಟಾರಿನ ಲೈನ್ ಪೂರ್ತಿ ಇಳಿಸಿಬಿಟ್ಟರು. ತಾಶಾ ಒಂದೇ ಕೇಳುತ್ತಿತ್ತು. ಆಮೇಲಿಂದ ಪ್ರತಿ ಸಲ ಚಹಾ ತೆಗೆದುಕೊಂಡು ಹೋಗಿ ಹೇಳುತ್ತಿದ್ದೆ: "ಅಣ್ಣಾ, ಕಿರುಚೂ ಶಬ್ದ ಬರತೈತಿ, ಅದು ಕೆಟ್ಟದ್ದಲ್ರಿ, ನಾವ್ ಬೇಕಂತ ತರಸೂದು." ಒಂದು ಹಾಳೆಯಲ್ಲಿ ಯಾವ ಹಾಡಿನಲ್ಲಿ ಯಾವಾಗ ಬರುತ್ತದೆ ಅಂತ ಬರೆದು ಕೊಡುತ್ತಿದ್ದೆ. ಕೆಲವರು ಅದನ್ನು ನೋಡಿಕೊಂಡು ಸರಿಯಾದ ಗಳಿಗೆಗೆ ಇನ್ನೂ ಎರಡು ಗೆರೆ ಏರಿಸುತ್ತಿದ್ದರು.

ಮೊದಲ ತಿಂಗಳಿಂದಲೇ ರೆಕಾರ್ಡ್ ಮಾಡಿ

ಹಾಡು ಪಕ್ಕಾ ಆದಮೇಲೆ ಮಾಡೋಣ ಅನ್ನಬೇಡಿ. ಪಕ್ಕಾ ಆಗುವುದರೊಳಗೆ ಯಾರಾದರೂ ಊರು ಬಿಟ್ಟಿರುತ್ತಾರೆ. ನಮ್ಮ ಅತಿ ಒಳ್ಳೆಯ ಹಾಡು ನಮ್ಮ ಹತ್ತಿರ ಇಲ್ಲ. ನಾಲ್ಕನೇ ತಿಂಗಳಲ್ಲಿ ಕಟ್ಟಿದ್ದೆವು, ಎರಡು ಶೋದಲ್ಲಿ ನುಡಿಸಿದೆವು, ಆಮೇಲೆ ಮರೆತೆವು. ಅದರ ಶುರುವಿನ ಗತ್ತು ನನಗೆ ಈಗಲೂ ನೆನಪಾಗುತ್ತದೆ, ನಡುವಿನದು ಬರುವುದಿಲ್ಲ. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ.

ಎಂಟನೇ ತಿಂಗಳಲ್ಲಿ ಬೇರೆ ಊರಿನ ಒಂದು ಸ್ಟುಡಿಯೋಗೆ 9,000 ರೂಪಾಯಿ ಕೊಟ್ಟು ಎರಡು ಹಾಡು ಮಾಡಿಸಿದೆವು. ಅವರು ನಾಯ್ಸ್ ಗೇಟ್ (ಸಣ್ಣ ಶಬ್ದಗಳನ್ನು ಮುಚ್ಚಿಹಾಕುವ ಸಾಧನ) ಹಾಕಿ ಗುಂಯ್ ಪೂರ್ತಿ ಕತ್ತರಿಸಿದ್ದರು. ಹಾಡುಗಳ ಸಂದಿಯಲ್ಲಿ ಒಂದೂ ಉಸಿರಿಲ್ಲ. ನಮ್ಮ ಹಾಡಿನ ಬುನಾದಿಯೇ ಹೋಗಿತ್ತು. ಹಾಗಾಗಿ ಸ್ಟುಡಿಯೋಗೆ ಹೋದರೆ ಗೇಟ್ ಬೇಡ, ನಾಯ್ಸ್ ರಿಡಕ್ಷನ್ ಬೇಡ ಅಂತ ಮೊದಲೇ ಬರೆದು ಕೊಡಿ. ತಿದ್ದದ ಮೂಲ ಟ್ರ್ಯಾಕುಗಳನ್ನು ಕೇಳಿ ತೆಗೆದುಕೊಳ್ಳಿ.

ಕಡೆಗೆ ಏಳೂ ಹಾಡನ್ನು ಶೆಡ್ಡಿನಲ್ಲೇ ಮಾಡಿಕೊಂಡೆವು. ನಾಲ್ಕು ಚಾನೆಲ್ಲಿನ ಇಂಟರ್‌ಫೇಸ್ (ಮೈಕುಗಳನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಕಡ ತಂದೆವು. ಒಂದು ಮೈಕ್ ಡ್ರಮ್ಮಿನ ಮುಂದೆ ಆರು ಅಡಿ ದೂರ. ಒಂದು ಗಿಟಾರ್ ಸ್ಪೀಕರಿನ ನಡುವಿಗಿಂತ ಸ್ವಲ್ಪ ಅಂಚಿಗೆ, ನಾಲ್ಕು ಬೆರಳು ಬಿಟ್ಟು. ಒಂದು ಹಾಡುವವಳಿಗೆ. ನಾಲ್ಕನೆಯದನ್ನು ಎಲ್ಲರಿಂದ ದೂರ, ಪತ್ರಾಸಿನ ಮೂಲೆಗೆ ಮುಖ ಮಾಡಿ ಇಟ್ಟೆವು. ಬೇಸಿಗೆ ಬೇರೆ ಮೈಕ್ ಇಡಲಿಲ್ಲ, ಅದು ಎಲ್ಲದರೊಳಗೂ ಬರುತ್ತಿತ್ತು. ಮಿಕ್ಸ್ ಮಾಡುವಾಗ ಹೆಚ್ಚಿಗೆ ಉಳಿದದ್ದು ಆ ಮೂಲೆಯ ಮೈಕೇ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ. ಜೋರಾದ ಜಾಗದಲ್ಲೂ ಮೀಟರ್ ಮೈನಸ್ 6 ಡೆಸಿಬೆಲ್ ದಾಟದಿರಲಿ. ಗಿಟಾರ್ ಒಡೆದ ದನಿಯಲ್ಲಿ ಬರಲಿ, ಆದರೆ ರೆಕಾರ್ಡಿಂಗ್ ಒಡೆಯಬಾರದು. ವೇವ್ ಫೈಲನ್ನು ಮೂರು ಕಡೆ ಇಡಿ, ಅದರಲ್ಲಿ ಒಂದು ಬೇರೆ ಮನೆಯಲ್ಲಿರಲಿ.

ಮುಚ್ಚುವುದು

ಬೇಸಿನವನಿಗೆ ಪುಣೆಯಿಂದ ಪತ್ರ ಬಂದ ದಿನವೇ ನಾವು ದಿನಾಂಕ ಗೊತ್ತು ಮಾಡಿದೆವು. ಅವನ ಜಾಗಕ್ಕೆ ಇನ್ನೊಬ್ಬನನ್ನು ಹುಡುಕಲಿಲ್ಲ. ನಿಮಗೆ ಹುಡುಕಬೇಕು ಅನ್ನಿಸಿದರೆ ಹೊಸ ಹೆಸರಿಟ್ಟು ಹೊಸ ಬ್ಯಾಂಡ್ ಮಾಡಿ.

ಒಂದು ಹಾಳೆ ಬರೆಯಿರಿ. ನಮ್ಮ ದೇಶದ ಕಾಯ್ದೆಯಲ್ಲಿ ಧ್ವನಿಮುದ್ರಣಕ್ಕೆ, ಅದು ಹೊರಬಂದ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಮಾತು ಮತ್ತು ಸಂಗೀತಕ್ಕೆ ಬರೆದವರ ಜೀವಿತ ಕಾಲ, ಆಮೇಲೆ ಮತ್ತೆ 60 ವರ್ಷ. 22 ತಿಂಗಳ ಬ್ಯಾಂಡಿಗೆ 60 ವರ್ಷದ ಲೆಕ್ಕ. ಯಾರು ಏನು ಬರೆದರು, ಯಾರು ನುಡಿಸಿದರು, ದುಡ್ಡು ಬಂದರೆ ಹೇಗೆ ಹಂಚುವುದು, ಯಾರನ್ನು ಕೇಳಿ ಹಾಡು ಕೊಡಬೇಕು, ಇಷ್ಟನ್ನು ಬರೆದು ಎಲ್ಲರೂ ಸಹಿ ಮಾಡಿ. ನಾವು ಎಲ್ಲದರಲ್ಲೂ ನಾಲ್ಕು ಸಮಪಾಲು ಬರೆದೆವು. ಇನ್ನೂ ಪರಸ್ಪರ ಪ್ರೀತಿ ಇರುವಾಗಲೇ ಇದನ್ನು ಮುಗಿಸಿ. ಹಾಡುಗಳನ್ನು ಬ್ಯಾಂಡ್‌ಕ್ಯಾಂಪ್ ಅನ್ನುವ ಸಂಗೀತದ ವೆಬ್‌ಸೈಟಿಗೆ ಹಾಕಿ, ನುಡಿಸಿದವರ ಹೆಸರನ್ನು ಪೂರ್ತಿ ಬರೆಯಿರಿ. ಲೆಕ್ಕದ ಪುಸ್ತಕದಲ್ಲಿ ಕಡೆಗೆ ನಮ್ಮಲ್ಲಿ 2,340 ರೂಪಾಯಿ ಉಳಿದಿತ್ತು. ಅದರಲ್ಲಿ ಕುಂದಾ ತಂದು ಓಣಿಗೆಲ್ಲ ಹಂಚಿದೆವು.

ಕಡೆಯ ಶೋ ಶೆಡ್ಡಿನಲ್ಲೇ ಮಾಡಿದೆವು. ಮೂವತ್ತು ಜನ ಬಂದಿದ್ದರು. ಕಡೆಯ ಹಾಡಿನಲ್ಲಿ ಅಪ್ಪ ತಾವೇ ಎದ್ದು ಎರಡೂ ಮಗ್ಗದ ಹಿಡಿ ಎಳೆದು ಚಾಲೂ ಮಾಡಿದರು. ಡ್ರಮ್ಮರ್ ಒಂದು ಕ್ಷಣ ಕೋಲು ಎತ್ತಿ ನಿಲ್ಲಿಸಿ, ಮಗ್ಗದ ಹೊಡೆತ ಹಿಡಿದುಕೊಂಡು ಮತ್ತೆ ಸೇರಿಕೊಂಡ. ಅಪ್ಪನ ಕಿವಿಯಲ್ಲೂ ಅವತ್ತು ಪ್ಲಗ್ ಇತ್ತು.

ಆಂಪನ್ನು ಗೋಕಾಕದ ಒಬ್ಬ ಹುಡುಗಿಗೆ ಕೊಟ್ಟೆ. ಹಿಂಬದಿಗೆ ಟೇಪ್ ಹಚ್ಚಿ 50, 100, 150, 200 ಅಂತ ಬರೆದಿದ್ದೆ. ಹೋದ ವಾರ ಫೋನ್ ಮಾಡಿದ್ದಳು. "ಅಕ್ಕಾ, ನೀವ್ ಹೇಳಿದಂಗ ಶ್ರುತಿ ಮಾಡೀನಿ, ಆದ್ರ ಗುಂಯ್ ಅನ್ನವಲ್ದು." ಗಿಟಾರ್ ಯಾವುದು ಅಂತ ಕೇಳಿದೆ. ಹಂಬಕರ್ ಪಿಕಪ್ಪಿನದು. ಅದು ಗುಂಯ್ ಶಬ್ದವನ್ನು ತಾನೇ ಕಳೆದು ಹಾಕುತ್ತದೆ. ಭಾನುವಾರ ಗಿಟಾರ್ ತೆಗೆದುಕೊಂಡು ಬಾ ಅಂದಿದ್ದೇನೆ. ನನ್ನ ಹತ್ತಿರ ಒಂದು ಹಳೇ ಸಿಂಗಲ್ ಕಾಯಿಲ್ ಇದೆ, ಕೂಡಿಸಿ ಕೊಡಬೇಕು.